ಹಳಿಯಾಳ-ಸೂಪಾ ಸೀಮೆಯ ಜ್ವರಗಳೂ ಮಣ್ಣಿನ ಒಂದು ರೋಗವೂ

೧

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಭಾಗದಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲ್ಲೂಕುಗಳು ಈಗ ಪ್ರತ್ಯೇಕವಾಗಿ ಎಣಿಸಲ್ಪಡುತ್ತವೆ. ಮುಂಬಯಿ ಆಧಿಪತ್ಯದ ಗೆಜೆಟಿಯರುಗಳು ಸಿದ್ಧವಾದ ಕಾಲದಲ್ಲಿ ಈ ವಿಭಾಗವಿರಲಿಲ್ಲ. ಹಳಿಯಾಳವು ಸೂಪಾ ತಾಲ್ಲೂಕಿನೊಳಗಣ ಪೇಟಾ ಆಗಿದ್ದಿತು. ಮುಂಡಗೋಡವು ಯಲ್ಲಾಪುರಕ್ಕೆ ಸೇರಿದ ಪೇಟಾ. ದಾಂಡೇಲಿಯು ಕಾಳೀನದಿಯ ದಡದಲ್ಲಿ ತೇಗದ ಕಾಡಿನ ನಡುವಣ ಒಂದು ಗ್ರಾಮ. ಸೂಪಾ ಎಂಬ ಊರೇ ಕಾಳಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ೧೯೮೦ರ ದಶಕದಲ್ಲಿ ಮುಳುಗಿತು. ತಾಲ್ಲೂಕಿನ ಹೆಸರೂ ಕಚೇರಿಯೂ ಜೋಯಿಡಾಕ್ಕೆ ಸಂದುವು. ಹೆಸರುಗಳೂ ಗಡಿಗಳೂ ಹೀಗೆ ಪಲ್ಲಟಗೊಂಡರೂ ಈ ಸೀಮೆಗೆ ಬಹುಕಾಲ ಅಂಟಿಕೊಂಡಿದ್ದ ಒಂದು ಅಪಕೀರ್ತಿಯು ಮಾತ್ರ ಸ್ಥಿರವಾಗಿ ನಿಂತಿತು. ಇದು ಜ್ವರದ ನಾಡು. ಹೊರಗಿನವನು ಇಲ್ಲಿ ಎರಡು ಮಳೆಗಾಲಗಳನ್ನು ಕಳೆದರೆ ಗುಲ್ಮ ಬೆಳೆದು ಹೊಟ್ಟೆ ಉಬ್ಬಿ ಹಿಂದಿರುಗುವನು ಎಂಬುದೇ ಆ ಅಪಕೀರ್ತಿ.

ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಆ ಅಪಕೀರ್ತಿಯ ಇತಿಹಾಸವನ್ನು. ಅದರಲ್ಲಿ ಮೂರು ಘಟ್ಟಗಳು ಕಂಡುಬರುತ್ತವೆ. ಮೊದಲು ನೆಲವೇ ದೋಷಿಯೆಂದು ಎಲ್ಲರೂ ನಂಬಿದ್ದರು. ಅನಂತರ ಶಾಸ್ತ್ರಜ್ಞರು ಸೊಳ್ಳೆಯನ್ನು ಹಿಡಿದುಕೊಟ್ಟು ನೆಲವನ್ನು ನಿರ್ದೋಷಿಯೆಂದು ಬಿಟ್ಟರು. ಈಗ ಬೇರೊಂದು ರೋಗದ ವಿಷಯದಲ್ಲಿ ನೆಲದ ಮೇಲಿನ ವ್ಯವಹಾರವು ಮತ್ತೆ ವಿಚಾರಣೆಗೆ ಬಂದಿದೆ. ಆ ರೋಗಕ್ಕೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಮೂರು ನಾಲ್ಕು ಹೆಸರುಗಳುಂಟು. ಕನ್ನಡಿಗರ ಬಾಯಲ್ಲಿ ನೆಲೆನಿಂತ ಹೆಸರು ಒಂದೂ ಇಲ್ಲ. ಹೆಸರಿಲ್ಲದ ರೋಗವನ್ನು ರೋಗಿಯು ಹೇಳಿಕೊಳ್ಳಲಾರನು, ವೈದ್ಯನು ಕೇಳಲಾರನು. ಭಾಷೆಯನ್ನು ಕಲಿಸುವ ವೃತ್ತಿಯವರಾದ ನಮ್ಮ ವಾಚಕರಿಗೆ ಈ ವಿಚಾರವು ಹೊರಗಿನದೆಂದು ತೋರಲಾರದೆಂದು ನಂಬಿರುತ್ತೇವೆ.

೨

ದೇಶಕ್ಕೂ ರೋಗಕ್ಕೂ ಸಂಬಂಧವುಂಟೆಂಬುದು ನಮ್ಮ ಪ್ರಾಚೀನರಿಗೆ ಸಿದ್ಧಾಂತವೇ ಆಗಿದ್ದಿತು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಜನಪದಗಳು ಒಟ್ಟಿಗೆ ನಾಶವಾಗುವ ಕಾರಣವನ್ನು ಹೇಳಲೆಂದೇ ಹೊರಟಿದೆ. ಗಂಗಾತೀರದ ಕಾಂಪಿಲ್ಯದಲ್ಲಿ ಪುನರ್ವಸು ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ ಇದನ್ನು ಉಪದೇಶಿಸಿದನೆಂದು ಅಲ್ಲಿಯ ಪೀಠಿಕೆ. ಪ್ರಕೃತಿ, ಆಹಾರ, ವಯಸ್ಸು, ಬಲ ಇವುಗಳಲ್ಲಿ ಒಬ್ಬರಿಂದೊಬ್ಬರು ಭಿನ್ನರಾದ ಮನುಷ್ಯರು ಒಂದೇ ಕಾಲದಲ್ಲಿ ಒಂದೇ ವ್ಯಾಧಿಯಿಂದ ಸಾಯುವುದು ಹೇಗೆ ಎಂಬುದು ಶಿಷ್ಯನ ಪ್ರಶ್ನೆ. ಇದು ಸಾಮಾನ್ಯ ಪ್ರಶ್ನೆಯಲ್ಲ. ಒಬ್ಬೊಬ್ಬ ರೋಗಿಯ ದೋಷವೈಷಮ್ಯವನ್ನೇ ಆಧಾರವಾಗಿಟ್ಟುಕೊಂಡ ಶಾಸ್ತ್ರವೊಂದು ತನ್ನ ಆಧಾರವು ಸಾಲದಾಗುವ ಎಡೆಯನ್ನು ತಾನೇ ಎತ್ತಿ ತೋರಿಸಿಕೊಂಡಿರುವ ಸ್ಥಳವಿದು. ಗುರುವಿನ ಉತ್ತರವೆಂದರೆ, ಎಲ್ಲರಿಗೂ ಸಾಮಾನ್ಯವಾದ ವಸ್ತುಗಳು ನಾಲ್ಕು ಇವೆ, ಅವು ವಾಯು, ಉದಕ, ದೇಶ, ಕಾಲ; ಇವು ಕೆಟ್ಟಾಗ ಜನಪದವೇ ಕೆಡುವುದು. ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಭಾಗಿಸಿರುವುದೂ ಪ್ರಸಿದ್ಧವಾಗಿದೆ. ನೀರೂ ಮರವೂ ದಟ್ಟವಾಗಿರುವ ಆನೂಪದ ಲಕ್ಷಣವು ಜೋಯಿಡಾದ ಕಾಳೀಕಣಿವೆಗೆ ಚೆನ್ನಾಗಿ ಒಪ್ಪುವುದು. ಹಳಿಯಾಳ ಮುಂಡಗೋಡಗಳ ಪೂರ್ವದ ಅಂಚು ಧಾರವಾಡದ ಬಯಲನ್ನು ಮುಟ್ಟುವುದರಿಂದ ಅದನ್ನು ಸಾಧಾರಣವೆನ್ನಬಹುದು.

ಜ್ವರದ ಪ್ರಕರಣವಾದರೋ ನಿದಾನಗ್ರಂಥಗಳಲ್ಲಿ ಯಾವಾಗಲೂ ಮೊದಲನೆಯದು. ಪಾಠಶಾಲೆಯಲ್ಲಿ ಮಾಧವನಿದಾನವನ್ನು ಓದಿದವರೆಲ್ಲರಿಗೂ ಅದು ಮೊದಲು ಬಾಯಿಗೆ ಬರುವ ಪ್ರಕರಣ. ದಕ್ಷಾಧ್ವರದಲ್ಲಿ ರುದ್ರನ ಕೋಪದಿಂದ ಹುಟ್ಟಿದ ಈ ರೋಗರಾಜನ ಭೇದಗಳಲ್ಲಿ ವಿಷಮಜ್ವರವೆಂಬುದೊಂದು. ಅದರಲ್ಲಿ ಮೂರನೆಯ ದಿನಕ್ಕೆ ಮರುಕಳಿಸುವ ತೃತೀಯಕ, ನಾಲ್ಕನೆಯ ದಿನಕ್ಕೆ ಮರುಕಳಿಸುವ ಚತುರ್ಥಕ ಎಂಬ ವಿಭಾಗಗಳು ಈಗಿನ ಮಲೇರಿಯದ ಎರಡು ಜಾತಿಗಳೊಡನೆ ಹೊಂದಿಕೊಳ್ಳುವುದನ್ನು ಅನೇಕರು ತೋರಿಸಿರುವರು. ಹಳ್ಳಿಯವರು ಇದನ್ನು ಚಳಿಜ್ವರವೆಂದರು. ಗ್ರಂಥದ ಹೆಸರು ಜ್ವರದ ದಿನವನ್ನು ಎಣಿಸಿತು, ಹಳ್ಳಿಯ ಹೆಸರು ರೋಗಿಯ ನಡುಕವನ್ನು ಹಿಡಿಯಿತು. ಎರಡೂ ಕಂಡದ್ದನ್ನೇ ಹೇಳಿದುವು. ಕಾಣದ ಕಾರಣವನ್ನು ಹೆಸರಿನೊಳಗೆ ಸೇರಿಸಲಿಲ್ಲ. ಈ ಸಂಯಮವನ್ನು ಮುಂದೆ ನೆನೆಯಬೇಕಾಗುವುದು.

೩

ಹತ್ತೊಂಬತ್ತನೆಯ ಶತಮಾನದ ಆಂಗ್ಲ ಅಧಿಕಾರಿಗಳು ಈ ಸೀಮೆಯ ಜ್ವರವನ್ನು ಕುರಿತು ಬರೆದಾಗ ಅವರ ಮನಸ್ಸಿನಲ್ಲಿದ್ದ ಸಿದ್ಧಾಂತವು ಆತ್ರೇಯನದಕ್ಕಿಂತ ಬಹಳ ದೂರವಾಗಿರಲಿಲ್ಲ. ಮಲೇರಿಯವೆಂಬ ಇಟಲಿಯ ಮಾತಿಗೆ ಕೆಟ್ಟ ಗಾಳಿಯೆಂದೇ ಅರ್ಥ. ಕಾಡಿನ ಎಲೆಯು ಮಳೆಯಲ್ಲಿ ಕೊಳೆತು, ಮಳೆ ನಿಂತ ಮೇಲೆ ಬಿಸಿಲು ತಾಗಿ, ನೆಲದಿಂದ ಒಂದು ದುರ್ವಾಯು ಮೇಲೇಳುತ್ತದೆ. ಅದೇ ಜ್ವರದ ಬೀಜ ಎಂದು ಆ ಕಾಲದ ಯೂರೋಪಿನ ವೈದ್ಯರೂ ನಂಬಿದ್ದರು. ಜೇಮ್ಸ್ ಕ್ಯಾಂಬೆಲ್ ಎಂಬವರು ಸಂಪಾದಿಸಿದ ಮುಂಬಯಿ ಗೆಜೆಟಿಯರಿನ ಹದಿನೈದನೆಯ ಸಂಪುಟವು, ಎಂದರೆ ೧೮೮೩ರಲ್ಲಿ ಎರಡು ಭಾಗಗಳಾಗಿ ಹೊರಬಂದ ಕೆನರಾ ಸಂಪುಟವು, ಘಟ್ಟದ ಮೇಲಣ ತಾಲ್ಲೂಕುಗಳ ಅನಾರೋಗ್ಯವನ್ನು ಮರೆಮಾಡುವುದಿಲ್ಲ.

ಇಡೀ ಜಿಲ್ಲೆಯ ಜನಸಂಖ್ಯೆಯು ೧೯೦೧ರಲ್ಲಿ ೪,೫೪,೪೯೦ ಇದ್ದುದು ೧೯೨೧ರ ವೇಳೆಗೆ ಸುಮಾರು ನಾಲ್ಕು ಲಕ್ಷಕ್ಕೆ ಇಳಿಯಿತು. ಇದನ್ನೆಲ್ಲ ಚಳಿಜ್ವರದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ನಡುವೆ ಪ್ಲೇಗು ಬಂದಿತ್ತು. ೧೯೧೮ರ ಇನ್‌ಫ್ಲುಯೆಂಜಾ ಬಂದಿತ್ತು. ಕಾಯ್ದಿಟ್ಟ ಅರಣ್ಯದ ಕಟ್ಟಳೆಗಳಿಂದ ಕುಮರಿ ಬೇಸಾಯವು ನಿಂತು ಬಡವರು ಚದುರಿದ್ದರು. ಆದರೂ ಘಟ್ಟದ ಮೇಲೆ ಊರಿಗೆ ಊರೇ ಬರಿದಾಗಿ, ಗದ್ದೆಯ ಬದುಗಳ ಮೇಲೆ ಕಾಡು ಬೆಳೆದುದಕ್ಕೆ ಜ್ವರವು ದೊಡ್ಡ ಕಾರಣವೆಂಬುದರಲ್ಲಿ ಸಂದೇಹವಿಲ್ಲ.

೧೮೮೦ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ಸೇನಾವೈದ್ಯನು ಆಲ್ಜೀರಿಯದಲ್ಲಿ ರೋಗಿಯ ರಕ್ತದೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡನು. ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಂಡನು. ಅಲ್ಲಿಗೆ ಕೆಟ್ಟ ಗಾಳಿಯ ವಾದವು ಬಿದ್ದುಹೋಯಿತು. ಹೆಸರು ಮಾತ್ರ ಉಳಿಯಿತು. ಕೆನರಾ ಸೀಮೆಯಲ್ಲಿ ಈ ಜ್ಞಾನವು ಫಲಿಸಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಇಲ್ಲಿಯ ಅಪರಾಧಿಯು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಜಾತಿಯ ಸೊಳ್ಳೆ. ಇದು ಕೊಳಕು ನೀರನ್ನು ಬಯಸುವುದಿಲ್ಲ. ಮೆಲ್ಲನೆ ಹರಿಯುವ ತಿಳಿನೀರಿನ ಹಳ್ಳದ ಅಂಚಿನ ಹುಲ್ಲಿನಲ್ಲಿ ಹುಟ್ಟುವುದು. ಮಲೆನಾಡಿನ ಕವಿಗಳು ಹಾಡಿ ಹೊಗಳಿದ ಝರಿಯೇ ಅದರ ತೊಟ್ಟಿಲಾಗಿದ್ದಿತೆಂದರೆ ಸಾಹಿತ್ಯದವರು ಕ್ಷಮಿಸಬೇಕು. ಮುಂಬಯಿ ಪ್ರಾಂತದ ಮಲೇರಿಯ ಸಂಸ್ಥೆಯನ್ನು ನಡೆಸುತ್ತಿದ್ದ ಡಿ. ಕೆ. ವಿಶ್ವನಾಥನ್ ಅವರು, ಟಿ. ರಾಮಚಂದ್ರ ರಾವ್ ಎಂಬ ಕೀಟಶಾಸ್ತ್ರಜ್ಞರೊಡನೆ, ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗಳಿಗೆ ಡಿಡಿಟಿಯನ್ನು ಸಿಂಪಡಿಸುವ ಪ್ರಯೋಗವನ್ನು ಎರಡನೆಯ ಮಹಾಯುದ್ಧ ಮುಗಿಯುವ ಸಮಯದಲ್ಲಿ ಆರಂಭಿಸಿದರು. ಮೊದಲನೆಯ ವರ್ಷದ ಫಲವನ್ನು ೧೯೪೭ರಲ್ಲಿ ಪ್ರಕಟಿಸಿದರು. ೧೯೫೩ರಲ್ಲಿ ಭಾರತಕ್ಕೆಲ್ಲ ಅನ್ವಯಿಸುವ ಮಲೇರಿಯ ನಿಯಂತ್ರಣ ಯೋಜನೆಯನ್ನು ಹಾಕಿಕೊಂಡಾಗ ಕನ್ನಡ ನಾಡಿನ ಈ ಅನುಭವವೂ ಅದಕ್ಕೆ ಆಧಾರಗಳಲ್ಲೊಂದಾಗಿದ್ದಿತು. ನಮ್ಮ ಜಿಲ್ಲೆಗಳ ಇತಿಹಾಸವನ್ನು ಬರೆಯುವವರು ಶಾಸನಗಳಿಗೂ ಕಾಳಗಗಳಿಗೂ ಕೊಡುವ ಪುಟಗಳಲ್ಲಿ ಒಂದನ್ನಾದರೂ ಈ ಕಾರ್ಯಕ್ಕೆ ಕೊಡಬೇಕಾಗಿದ್ದಿತು.

ಜ್ವರವು ಹಿಂಜರಿದ ಹಿಂದೆಯೇ ಜನರು ಬಂದರು. ೧೯೫೫ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಸ್ಥಾಪನೆಯಾಯಿತು. ೧೯೬೬ರಲ್ಲಿ ಮುಂಡಗೋಡದ ಬಳಿ ಟಿಬೇಟಿನ ನಿರಾಶ್ರಿತರಿಗೆ ನೆಲೆಯೊದಗಿತು. ಡ್ರೆಪುಂಗ್, ಗಾಂಡೆನ್ ಎಂಬ ಅವರ ಮಹಾವಿಹಾರಗಳು ಅಲ್ಲಿ ಮತ್ತೆ ಎದ್ದುವು. ಮಲೇರಿಯದ ಹಿಡಿತವು ಸಡಿಲದಿದ್ದರೆ ಇವೆಲ್ಲ ಇಷ್ಟು ಸುಗಮವಾಗಿ ನಡೆಯುತ್ತಿದ್ದುವೆಂದು ಹೇಳಲಾಗದು. ಹೀಗೆ ನೆಲವು ಆರೋಪಮುಕ್ತವಾಯಿತು. ಗಾಳಿ, ನೀರು, ಮಣ್ಣುಗಳನ್ನು ದೂರುವುದು ಅಜ್ಞಾನದ ಲಕ್ಷಣವೆಂಬ ಭಾವನೆಯು ಓದಿದವರಲ್ಲಿ ಬೇರೂರಿತು.

೪

ಆದರೆ ಸೊಳ್ಳೆಯ ಮಧ್ಯಸ್ಥಿಕೆಯಿಲ್ಲದೆ ಮಣ್ಣಿನಿಂದಲೇ ಮನುಷ್ಯನ ರಕ್ತಕ್ಕೆ ಸೇರುವ ರೋಗಾಣುವೊಂದನ್ನು, ಕೆನರಾದಲ್ಲಿ ಡಿಡಿಟಿಯನ್ನು ಸಿಂಪಡಿಸುವುದಕ್ಕೆ ಮೂವತ್ತು ವರ್ಷಗಳಿಗೂ ಹಿಂದೆಯೇ ಇಬ್ಬರು ವೈದ್ಯರು ಕಂಡುಹಿಡಿದಿದ್ದರು. ಅವರು ಅದನ್ನು ಕಂಡುದು ರಂಗೂನಿನಲ್ಲಿ. ಬರ್ಮಾ ದೇಶವು ೧೯೩೭ರ ವರೆಗೆ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತವಾಗಿದ್ದುದರಿಂದ ಇದನ್ನು ಭಾರತೀಯ ವೈದ್ಯಚರಿತ್ರೆಯ ಸಂಗತಿಯೆಂದೇ ಎಣಿಸತಕ್ಕದ್ದು.

ರಂಗೂನಿನ ದೊಡ್ಡ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ವಿಟ್ಮೋರ್ ಎಂಬವನು ರೋಗನಿದಾನದ ವೈದ್ಯನಾಗಿದ್ದನು, ಸಿ. ಎಸ್. ಕೃಷ್ಣಸ್ವಾಮಿ ಎಂಬವರು ಅವನ ಸಹಾಯಕರು. ೧೯೧೧ರಲ್ಲಿ ಶವಪರೀಕ್ಷೆ ಮಾಡುತ್ತಿರುವಾಗ ಅವರಿಗೆ ಒಂದು ವಿಲಕ್ಷಣ ಸಂಗತಿಯು ಎದುರಾಯಿತು. ಸತ್ತವರಲ್ಲಿ ಬಹುಮಂದಿ ಬೀದಿಯ ದಿಕ್ಕಿಲ್ಲದವರು, ಮಾರ್ಫಿಯಾವನ್ನು ಚುಚ್ಚಿಕೊಳ್ಳುವ ಚಟದವರು. ಅವರ ಶ್ವಾಸಕೋಶಗಳಲ್ಲಿ ಗಿಣ್ಣಿನಂತೆ ಗಟ್ಟಿಯಾದ ಭಾಗಗಳಿದ್ದುವು. ಯಕೃತ್ತಿನಲ್ಲಿಯೂ ಪ್ಲೀಹದಲ್ಲಿಯೂ ಕೀವು ಗಟ್ಟಿದ್ದಿತು. ಕ್ಷಯವೆಂದು ಹೇಳಲು ಕ್ಷಯದ ಕ್ರಿಮಿ ಸಿಕ್ಕಲಿಲ್ಲ. ಕುದುರೆ ಕತ್ತೆಗಳಿಗೆ ಬರುವ ಗ್ಲ್ಯಾಂಡರ್ಸ್ ಎಂಬ ರೋಗದ ಅಣುವನ್ನು ಹೋಲುವ ಒಂದು ಅಣು ದೊರೆಯಿತು. ಆದರೆ ಆ ಅಣುವಿಗೆ ಚಲನೆಯಿಲ್ಲ, ಇದು ಚಲಿಸುವುದು. ಅದು ನಿಧಾನವಾಗಿ ಬೆಳೆಯುವುದು, ಇದು ಬೇಗ ಬೆಳೆಯುವುದು. ರೋಗಿಗಳಾದರೋ ಕುದುರೆಗಳ ಸಹವಾಸವಿಲ್ಲದವರು. ಹೀಗೆ ಒಂದೊಂದೇ ವ್ಯತ್ಯಾಸವನ್ನು ಹಿಡಿದು ಇದು ಹೊಸ ರೋಗವೆಂದು ನಿರ್ಣಯಿಸಿದರು. ೧೯೧೨ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಇಬ್ಬರ ಹೆಸರೂ ಇದೆ. ೧೯೧೭ರಲ್ಲಿ ಕೃಷ್ಣಸ್ವಾಮಿಯವರು ಅದೇ ಪತ್ರಿಕೆಯಲ್ಲಿ, ಮಾರ್ಫಿಯಾ ಚುಚ್ಚಿಕೊಳ್ಳುವವರ ರಕ್ತದ ನಂಜು ಎಂದು ಅರ್ಥವಾಗುವ ತಲೆಬರಹದಡಿಯಲ್ಲಿ, ತಾವೊಬ್ಬರೇ ಮತ್ತೊಂದು ಲೇಖನವನ್ನು ಬರೆದರು. ಆದರೂ ಜಗತ್ತು ಆ ರೋಗವನ್ನು ವಿಟ್ಮೋರನ ರೋಗವೆಂದೇ ಕರೆಯಿತು. ಒಂದು ಗ್ರಂಥವನ್ನು ಇಬ್ಬರು ರಚಿಸಿದ್ದರೆ ಕವಿಚರಿತೆಯಲ್ಲಿ ಒಬ್ಬನ ಹೆಸರನ್ನೇ ಕಾಣಿಸುವುದು ನ್ಯಾಯವೇ ಎಂದು ನಮ್ಮಲ್ಲಿ ಯಾರನ್ನು ಕೇಳಿದರೂ ಉತ್ತರವು ಒಂದೇ ಆಗಿರುವುದು.

ಆ ಮೇಲಿನ ನಾಮಕರಣಗಳ ಪರಂಪರೆಯು ಇನ್ನೂ ವಿಚಿತ್ರವಾಗಿದೆ. ಮಲಯಾದ ಕೌಲಾಲಂಪುರದಲ್ಲಿ ಸ್ಟಾಂಟನ್, ಫ್ಲೆಚರ್ ಎಂಬ ಇಬ್ಬರು ವೈದ್ಯರು ಪ್ರಯೋಗಶಾಲೆಯ ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ಈ ರೋಗವನ್ನು ಕಂಡು ೧೯೨೧ರಲ್ಲಿ ಮೆಲಿಯಾಯ್ಡೋಸಿಸ್ ಎಂದು ಹೆಸರಿಟ್ಟರು. ಗ್ರೀಕಿನ ಮೇಲಿಸ್ ಎಂದರೆ ಕತ್ತೆಗಳ ಒಂದು ರೋಗ. ಅದರ ಮುಂದೆ ಸಾದೃಶ್ಯಾರ್ಥದ ಪದವು ಸೇರಿದೆ. ಒಟ್ಟಿಗೆ ಕತ್ತೆಯ ರೋಗದಂತಹ ರೋಗ ಎಂದಾಯಿತು. ಅಣುವಿನ ವಿಶೇಷನಾಮವಾದ ಸ್ಯೂಡೋಮ್ಯಾಲಿಯೈ ಎಂಬುದಕ್ಕೂ ಹುಸಿ ಗ್ಲ್ಯಾಂಡರ್ಸಿನದು ಎಂಬಷ್ಟೇ ಅರ್ಥ. ಕುಲನಾಮವು ಹಲವು ಬಾರಿ ಬದಲಾಗಿ ೧೯೯೨ರಲ್ಲಿ ಬುರ್ಕ್‌ಹೋಲ್ಡೇರಿಯ ಎಂದು ನಿಂತಿತು. ಬುರ್ಕ್‌ಹೋಲ್ಡರ್ ಎಂಬವನು ಅಮೆರಿಕದ ಸಸ್ಯರೋಗಶಾಸ್ತ್ರಜ್ಞ. ೧೯೫೦ರಲ್ಲಿ ಈರುಳ್ಳಿಯನ್ನು ಕೊಳೆಯಿಸುವ ಇದೇ ಕುಲದ ಇನ್ನೊಂದು ಅಣುವನ್ನು ವರ್ಣಿಸಿದವನು. ಆದುದರಿಂದ ಈ ಒಂದು ರೋಗದ ನಾಮಾವಳಿಯಲ್ಲಿ ಕತ್ತೆಯಿದೆ, ಕುದುರೆಯಿದೆ, ಈರುಳ್ಳಿಯವನಿದ್ದಾನೆ, ಆಂಗ್ಲ ವೈದ್ಯನಿದ್ದಾನೆ. ಅಣುವು ನಿಜವಾಗಿ ವಾಸಿಸುವ ಮಣ್ಣು ಮಾತ್ರ ಎಲ್ಲಿಯೂ ಇಲ್ಲ.

ಇದಕ್ಕೆ ಕಾರಣವುಂಟು. ಸ್ಟಾಂಟನ್ ಮತ್ತು ಫ್ಲೆಚರ್ ಇದು ಇಲಿಗಳ ರೋಗವೆಂದೂ ಇಲಿಗಳಿಂದ ಮನುಷ್ಯರಿಗೆ ತಗಲುವುದೆಂದೂ ಭಾವಿಸಿದ್ದರು. ೧೯೩೨ರ ಅವರ ಗ್ರಂಥವು ಪ್ರಮಾಣವಾಗಿ ನಿಂತುದರಿಂದ ಆ ಭಾವನೆಯು ಬಹುಕಾಲ ನಡೆಯಿತು. ವಿಯೆಟ್ನಾಮಿನಲ್ಲಿ ಷಾಂಬೋನ್ ಎಂಬ ಫ್ರೆಂಚ್ ವಿಜ್ಞಾನಿಯು ಮಣ್ಣಿನಿಂದಲೂ ನೀರಿನಿಂದಲೂ ಈ ಅಣುವನ್ನು ಬೇರ್ಪಡಿಸಿ ೧೯೫೫ರಲ್ಲಿ ಪ್ರಕಟಿಸಿದ ಮೇಲೆ ಸತ್ಯವು ಹೊರಬಿದ್ದಿತು. ಇದು ಯಾವ ಪ್ರಾಣಿಯ ಆಶ್ರಯವೂ ಬೇಡದೆ ಒದ್ದೆ ಮಣ್ಣಿನಲ್ಲಿ ತಾನೇ ಬಾಳುವುದು. ಬೇಸಗೆಯಲ್ಲಿ ನೆಲದ ಆಳಕ್ಕೆ ಸರಿದಿದ್ದು ಮಳೆಗಾಲದಲ್ಲಿ ನೀರೇರಿದಂತೆ ಮೇಲಕ್ಕೆ ಬರುವುದೆಂದು ತಿಳಿದವರು ಹೇಳುತ್ತಾರೆ. ಪರೀಕ್ಷೆಗಾಗಿ ಮಣ್ಣನ್ನು ತೆಗೆಯುವಾಗ ಸುಮಾರು ೩೦ ಸೆಂಟಿಮೀಟರು ಆಳದಿಂದ ತೆಗೆಯುವುದು ವಾಡಿಕೆಯಾಗಿದೆ. ಬರಿಗಾಲಿನ ಗಾಯ, ಕೆಸರುಹುಣ್ಣು, ಗಾಳಿಮಳೆಯಲ್ಲಿ ಹಾರುವ ಹನಿ, ಕಾಯಿಸದೆ ಕುಡಿದ ನೀರು, ಇವು ಅದರ ಹೆಬ್ಬಾಗಿಲುಗಳು.

೫

ಸಿಂಹಳದಲ್ಲಿ ೧೯೨೭ರಲ್ಲಿಯೇ ಈ ರೋಗವು ವರದಿಯಾಯಿತು. ಭಾರತದ ನೆಲದಲ್ಲಿ ಹುಟ್ಟಿ ಇಲ್ಲಿಯೇ ಗುರುತಿಸಲ್ಪಟ್ಟ ರೋಗಿಯ ವೃತ್ತಾಂತವು ಮುಂಬಯಿಯಿಂದ ಪ್ರಕಟವಾದುದು ೧೯೯೧ರಲ್ಲಿ. ಕಂಡುಹಿಡಿದವರಲ್ಲಿ ಒಬ್ಬ ಭಾರತೀಯನಿದ್ದರೂ ಭಾರತವು ಅದನ್ನು ತನ್ನದೆಂದು ಒಪ್ಪಿಕೊಳ್ಳಲು ಎಂಬತ್ತು ವರ್ಷಗಳು ಬೇಕಾದುವು. ಆ ಮೇಲೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕಾಲೇಜಿನವರೂ, ಕನ್ನಡ ನಾಡಿನಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕಾಲೇಜಿನವರೂ ಒಂದರ ಮೇಲೊಂದರಂತೆ ರೋಗಿಗಳನ್ನು ಗುರುತಿಸಿದರು. ಪಶ್ಚಿಮ ಕರಾವಳಿಯ ೯೫ ರೋಗಿಗಳ ವಿಮರ್ಶೆಯು ಮಂಗಳೂರಿನ ವೈದ್ಯರಿಂದ ೨೦೧೨ರಲ್ಲಿ ಹೊರಬಂದಿತು. ೨೦೧೪ರಲ್ಲಿ ಭಾರತದ ಕರಾವಳಿಯ ಮಣ್ಣಿನಿಂದಲೇ ಈ ಅಣುವನ್ನು ಬೇರ್ಪಡಿಸಿದ ವರದಿಯೂ ಬಂದಿತು. ೨೦೧೬ರಲ್ಲಿ ನಾನಾ ದೇಶಗಳ ವಿದ್ವಾಂಸರು ಕೂಡಿ ಮಾಡಿದ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೧,೬೫,೦೦೦ ಜನರಿಗೆ ಈ ರೋಗವು ತಗಲಿ ೮೯,೦೦೦ ಜನರು ಸಾಯುತ್ತಾರೆ. ಅಪರೂಪವೆಂಬ ವಿಶೇಷಣವು ಈ ರೋಗಕ್ಕೆ ಒಪ್ಪುವುದೋ, ಅದನ್ನು ಗುರುತಿಸುವ ಪ್ರಯೋಗಶಾಲೆಗಳಿಗೆ ಒಪ್ಪುವುದೋ ಎಂಬುದನ್ನು ವಾಚಕರೇ ಆಲೋಚಿಸಬಹುದು.

ಗುರುತಿಸುವುದು ಸುಲಭವಲ್ಲವೆಂಬುದೂ ನಿಜ. ಒಬ್ಬನಿಗೆ ಜ್ವರ ಮಾತ್ರ. ಇನ್ನೊಬ್ಬನಿಗೆ ಕೆಮ್ಮು ಕಫಗಳಾಗಿ ಕ್ಷಯವೆಂದು ಚಿಕಿತ್ಸೆ ನಡೆಯುವುದು. ಮತ್ತೊಬ್ಬನಿಗೆ ಯಕೃತ್ತಿನಲ್ಲೋ ಪ್ಲೀಹದಲ್ಲೋ ಕೀಲಿನಲ್ಲೋ ಕೀವು. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಅಣುವು ರಕ್ತದಲ್ಲಿಯೇ ಹರಡಿರುವುದು. ರಕ್ತವನ್ನು ಪೋಷಕದ್ರವದಲ್ಲಿಟ್ಟು ಅಣುವನ್ನು ಬೆಳೆಯಿಸಿ ನೋಡುವ ಪರೀಕ್ಷೆಗೆ ಎರಡು ಮೂರು ದಿನಗಳಾದರೂ ಬೇಕು; ತೀವ್ರ ರೋಗಿಯು ಅಷ್ಟರೊಳಗೆ ಸಾಯಲೂಬಹುದು. ಬೆಳೆದ ಅಣುವನ್ನು ನೋಡಿ, ಇದು ನೀರು ಮಣ್ಣುಗಳಲ್ಲಿರುವ ಸಾಮಾನ್ಯ ಜಾತಿ, ಹೊರಗಿನಿಂದ ಬೆರೆತಿರಬೇಕು ಎಂದು ಎಸೆದುಬಿಡುವ ಸಂಭವವೂ ಉಂಟು. ಮಣ್ಣಿನದೆಂಬ ಕಾರಣಕ್ಕಾಗಿಯೇ ನಿರಪರಾಧಿಯೆಂದು ತಿಳಿಯುವ ಆ ಹಳೆಯ ಭಾವನೆಯು ಇಲ್ಲಿ ಪ್ರಾಣಘಾತಕವಾಗುವುದು. ಪೆನಿಸಿಲಿನ್ ಮೊದಲಾದ ರೂಢಿಯ ಔಷಧಗಳು ಇದಕ್ಕೆ ನಾಟುವುದಿಲ್ಲ. ಸೆಫ್ಟಾಜಿಡಿಮ್ ಎಂಬ ಔಷಧದಿಂದ ತೀವ್ರರೋಗಿಗಳ ಮರಣವು ಅರ್ಧಕ್ಕೆ ಇಳಿಯುವುದೆಂದು ಥಾಯ್ಲೆಂಡಿನಲ್ಲಿ ನಡೆದ ಪರೀಕ್ಷೆಯು ೧೯೮೯ರಲ್ಲಿ ತೋರಿಸಿತು. ಅದನ್ನಾಗಲಿ ಮೆರೊಪೆನೆಮ್ ಎಂಬುದನ್ನಾಗಲಿ ಹತ್ತು ಹದಿನಾಲ್ಕು ದಿನ ರಕ್ತನಾಳದ ಮೂಲಕ ಕೊಟ್ಟು, ಅನಂತರ ಮೂರು ತಿಂಗಳಾದರೂ ಕೋಟ್ರಿಮಾಕ್ಸಜೋಲ್ ಗುಳಿಗೆಯನ್ನು ನುಂಗಿಸುವುದು ಈಗಿನ ಕ್ರಮ. ನಡುವೆ ಬಿಟ್ಟರೆ ರೋಗವು ಮರಳುವುದು. ಎರಡನೆಯ ಮಹಾಯುದ್ಧದಲ್ಲಿ ಸೆರೆಯಾಗಿ ಪೂರ್ವದೇಶದ ಮಣ್ಣನ್ನು ತುಳಿದಿದ್ದ ಒಬ್ಬ ಅಮೆರಿಕದ ಸೈನಿಕನಲ್ಲಿ ೬೨ ವರ್ಷಗಳ ಮೇಲೆ ಈ ರೋಗವು ತಲೆಯೆತ್ತಿದ ವೃತ್ತಾಂತವು ೨೦೦೫ರಲ್ಲಿ ಪ್ರಕಟವಾಗಿದೆ.

ಘಟ್ಟದ ಕೆಳಗಿನ ಕರಾವಳಿಗೂ ಮೇಲಿನ ನಮ್ಮ ನಾಲ್ಕು ತಾಲ್ಲೂಕುಗಳಿಗೂ ನಡುವೆ ಇರುವುದು ಒಂದು ಹಗಲಿನ ದಾರಿ. ಮಳೆ ಅದೇ ನೈಋತ್ಯದ ಮಳೆ. ಬೆಳೆ ಅದೇ ಬತ್ತ. ಜೋಯಿಡಾದ ಕುಣಬಿಗಳು, ಹಳಿಯಾಳ ಮುಂಡಗೋಡಗಳ ಸಿದ್ದಿಗಳು, ಗೌಳಿಗರು, ಮೊಣಕಾಲುದ್ದ ಕೆಸರಿನಲ್ಲಿ ಆಷಾಢ ಶ್ರಾವಣಗಳನ್ನು ಕಳೆಯುವ ಕೂಲಿಯ ಹೆಂಗಸರು, ಇವರ ಪಾದಗಳಿಗೂ ಕರಾವಳಿಯ ಬೇಸಾಯಗಾರನ ಪಾದಗಳಿಗೂ ವ್ಯತ್ಯಾಸವಿಲ್ಲ. ಇಲ್ಲಿಯ ರೋಗಿಯು ದೊಡ್ಡ ಆಸ್ಪತ್ರೆಯನ್ನು ಹುಡುಕಿ ಧಾರವಾಡಕ್ಕೋ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವನು. ಅವು ಬಯಲುಸೀಮೆಯ ಊರುಗಳು. ಅಲ್ಲಿ ಅವನನ್ನು ನೀನು ಗದ್ದೆಯಲ್ಲಿ ದುಡಿಯುವವನೋ ಎಂದು ಕೇಳುವುದರ ಮೇಲೆಯೇ ಬಹಳ ಮಟ್ಟಿಗೆ ಅವನ ಆಯುಸ್ಸು ನಿಂತಿದೆ.

೬

ಇನ್ನೊಂದು ಪ್ರಶ್ನೆಯನ್ನೂ ಆತನಿಗೆ ಕೇಳಬೇಕು, ಮಧುಮೇಹವಿದೆಯೇ ಎಂದು. ಈ ರೋಗವು ತಗಲಿದವರಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸಕ್ಕರೆ ಕಾಯಿಲೆಯವರೆಂದು ಥಾಯ್ಲೆಂಡ್, ಆಸ್ಟ್ರೇಲಿಯ, ನಮ್ಮ ಕರಾವಳಿ ಈ ಮೂರೂ ಕಡೆಯ ಅನುಭವಗಳು ಹೇಳುತ್ತವೆ. ಸಂಸ್ಕೃತ ವೈದ್ಯಗ್ರಂಥಗಳನ್ನು ಓದಿದವನಿಗೆ ಇಲ್ಲಿ ಒಂದು ಕ್ಷಣ ರೋಮಾಂಚವಾಗುವುದು ಸಹಜ. ಚರಕನ ಸೂತ್ರಸ್ಥಾನದ ಹದಿನೇಳನೆಯ ಅಧ್ಯಾಯದಲ್ಲಿ ಮಧುಮೇಹವನ್ನು ಉಪೇಕ್ಷಿಸಿದವನಿಗೆ ಏಳು ಬಗೆಯ ಪಿಡಕಗಳು ಹುಟ್ಟುವುವೆಂದು ಹೇಳಿದೆ. ಶರಾವಿಕಾ, ಕಚ್ಛಪಿಕಾ, ಜಾಲಿನೀ ಮುಂತಾಗಿ ಎಣಿಸಿ ಏಳನೆಯದಾಗಿ ವಿದ್ರಧಿಯನ್ನು ಇಟ್ಟು, ಅದನ್ನು ಬಾಹ್ಯ ಆಭ್ಯಂತರವೆಂದು ಎರಡಾಗಿ ಒಡೆದಿದೆ. ಸುಶ್ರುತನು ನಿದಾನಸ್ಥಾನದ ಆರನೆಯ ಅಧ್ಯಾಯದಲ್ಲಿ ಪ್ರಮೇಹಪಿಡಕಗಳನ್ನು ಹತ್ತು ಎಂದು ಎಣಿಸಿ, ಒಂಬತ್ತನೆಯದರಲ್ಲಿ ವಿದ್ರಧಿಯನ್ನೇ ಪ್ರತ್ಯೇಕವಾಗಿ ವಿವರಿಸುತ್ತ, ಒಳಗಿನ ವಿ‌ದ್ರಧಿಯು ಯಕೃತ್ತು, ಪ್ಲೀಹ, ವೃಕ್ಕ, ಬಸ್ತಿಮುಖ ಮೊದಲಾದ ಎಡೆಗಳಲ್ಲಿ ಆಗುವುದೆಂದು ಪಟ್ಟಿ ಮಾಡಿದ್ದಾನೆ. ಮಧುಮೇಹಿಗೆ ಪ್ಲೀಹದಲ್ಲಿ ವಿದ್ರಧಿ ಎಂಬುದನ್ನು ಈಗಿನ ವೈದ್ಯನೊಬ್ಬನಿಗೆ ಮಳೆಗಾಲದಲ್ಲಿ ಹೇಳಿದರೆ, ತಿಳಿದವನಾದರೆ ಅವನು ಮೊದಲು ನೆನೆಯುವ ರೋಗಗಳಲ್ಲಿ ಮೆಲಿಯಾಯ್ಡೋಸಿಸ್ ಒಂದಾಗಿರುವುದು.

ಇಷ್ಟರಿಂದ ಪ್ರಾಚೀನರು ಈ ರೋಗವನ್ನು ಬಲ್ಲರೆಂದು ಸಾರುವ ಉತ್ಸಾಹವು ನಮಗಿಲ್ಲ. ಅಂತಹ ಸಾರುವಿಕೆಯು ಈಚೆಗೆ ಬಹಳವಾಗಿ, ಶಾಸ್ತ್ರಕ್ಕೂ ಗೌರವವನ್ನು ತರದೆ ವಿಜ್ಞಾನಕ್ಕೂ ಪ್ರಯೋಜನವಾಗದೆ ಹೋಗಿದೆ. ಮಧುಮೇಹಿಯ ಕೀವಿಗೆ ಕಾರಣವಾಗುವ ಅಣುಗಳು ಅನೇಕ ಇವೆ. ಸುಶ್ರುತನ ಪಟ್ಟಿಯು ಅವೆಲ್ಲಕ್ಕೂ ಸಾಧಾರಣವಾದುದು. ಚರಕನು ದೇಶದೋಷವನ್ನು ಒಂದು ಸ್ಥಾನದಲ್ಲಿಯೂ ಪಿಡಕೆಯನ್ನು ಮತ್ತೊಂದು ಸ್ಥಾನದಲ್ಲಿಯೂ ಹೇಳಿದನೇ ಹೊರತು ಎರಡನ್ನೂ ಒಂದೇ ಸೂತ್ರದಲ್ಲಿ ಕಟ್ಟಲಿಲ್ಲ. ಆ ಗಂಟನ್ನು ಹಾಕಿದುದು ಇಪ್ಪತ್ತನೆಯ ಶತಮಾನದ ಪ್ರಯೋಗಶಾಲೆ. ಆದರೆ ಹಳಬರು ಕಣ್ಣಿಟ್ಟು ನೋಡಿದ್ದರು, ನೋಡಿದುದನ್ನು ವಿಂಗಡಿಸಿದ್ದರು ಎಂಬಷ್ಟನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ಕನ್ನಡದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದುದೂ, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನೇ ವಿಷಯವಾಗಿಟ್ಟು ಖಗೇಂದ್ರಮಣಿದರ್ಪಣವನ್ನು ರಚಿಸಿದುದೂ ಈ ದೃಷ್ಟಿಯ ಫಲಗಳೇ. ವಿಷದ ವಿಚಾರಕ್ಕೆ ಕನ್ನಡದಲ್ಲಿ ಶಬ್ದಗಳ ಬರವಿಲ್ಲವೆಂಬುದಕ್ಕೆ ಮಂಗರಾಜನ ಗ್ರಂಥವೊಂದೇ ಸಾಕು.

೭

ಈಗ ಹೆಸರಿನ ವಿಷಯ. ಕಳೆದ ಶತಮಾನದಲ್ಲಿ ಮಲೆನಾಡಿಗೆ ಬಂದ ಹೊಸ ಜ್ವರಗಳಿಗೆ ಕನ್ನಡಿಗರು ಪಂಡಿತರ ಅಪ್ಪಣೆಗೆ ಕಾಯದೆ ತಾವೇ ಹೆಸರಿಟ್ಟುಕೊಂಡಿದ್ದಾರೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದು, ಹಿಂದೆಯೇ ಜನರೂ ಮಲಗಿದಾಗ, ವಿಜ್ಞಾನಿಗಳು ಅದರ ವೈರಸ್ಸನ್ನೂ ಅದನ್ನು ಹೊರುವ ಉಣ್ಣೆಯನ್ನೂ ಗುರುತಿಸಿ ಊರಿನ ಹೆಸರನ್ನಿಟ್ಟರು. ಜನರು ಮಂಗನ ಕಾಯಿಲೆಯೆಂದರು. ಲೆಪ್ಟೊಸ್ಪೈರೋಸಿಸ್ ಎಂಬುದು ಇಲಿಜ್ವರವಾಯಿತು. ಈ ಹೆಸರುಗಳಲ್ಲಿ ಎಚ್ಚರಿಕೆಯು ಅಡಗಿದೆ. ಸತ್ತ ಮಂಗವನ್ನು ಕಂಡರೆ ದೂರವಿರು, ಇಲಿಯ ಮೂತ್ರ ಬೆರೆತ ನೀರಿನಲ್ಲಿ ಗಾಯದ ಕಾಲನ್ನಿಡಬೇಡ ಎಂಬ ಬುದ್ಧಿವಾದವನ್ನು ಹೆಸರೇ ಹೇಳಿಬಿಡುವುದು. ಮೆಲಿಯಾಯ್ಡೋಸಿಸ್ ಎಂಬ ಪದವು ಹಳಿಯಾಳದ ರೈತನಿಗೆ ಏನನ್ನು ಹೇಳೀತು? ಗ್ರೀಕನ್ನು ಬಲ್ಲವನಿಗಾದರೂ ಅದು ಹೇಳುವುದು ಕತ್ತೆಯ ಮಾತನ್ನು.

ಸಂಸ್ಕೃತದಿಂದ ಮೃಜ್ಜ್ವರವೆಂದು ಮಾಡಬಹುದು. ಸಂಧಿಯು ಶುದ್ಧವಾಗಿದೆ, ನಾಲಗೆಯು ಮಾತ್ರ ಏಳುವುದಿಲ್ಲ. ಭೂಜ್ವರವೆಂದರೆ ಭೂಮಿಗೇ ಜ್ವರ ಬಂದಂತೆ ತೋರುವುದು. ಅದಕ್ಕಿಂತ ಮುಖ್ಯವಾದ ಆಕ್ಷೇಪಣೆಯೆಂದರೆ, ಇದು ಎಲ್ಲರಲ್ಲಿಯೂ ಜ್ವರದ ರೂಪದಲ್ಲಿಯೇ ಇರುವುದಿಲ್ಲ; ಕೀವಿನ ರೂಪದಲ್ಲಿ ತಿಂಗಳುಗಟ್ಟಲೆ ನಡೆಯಬಹುದು. ಜ್ವರವೆಂಬ ಪದವನ್ನು ಸೇರಿಸಿದರೆ ಮತ್ತೆ ಹಳೆಯ ಗೊಂದಲವೇ. ಗಾಯಕ್ಕೆ ನಂಜಾಗಿದೆ, ನಂಜು ಏರಿದೆ ಎಂದು ನಮ್ಮ ಹಳ್ಳಿಗರು ದಿನವೂ ಆಡುವ ಮಾತೊಂದಿದೆ. ನಂಜು ಅಚ್ಚಗನ್ನಡದ ಮಾತು. ತಮಿಳಿನಲ್ಲಿಯೂ ವಿಷವೆಂಬ ಅರ್ಥದಲ್ಲಿ ಇದೆ. ನಂಜನಗೂಡಿನ ನಂಜುಂಡನ ಹೆಸರಿನಲ್ಲಿ ಪೂಜ್ಯವಾಗಿದೆ. ಅದು ಗಾಯದ ಕೀವನ್ನೂ ಹೇಳುವುದು, ಆ ಕೀವು ಮೈಗೆಲ್ಲ ಏರಿ ರಕ್ತವನ್ನು ಕೆಡಿಸುವುದನ್ನೂ ಹೇಳುವುದು. ವೈದ್ಯರು ಸೆಪ್ಸಿಸ್ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರ್ಯಾಯವನ್ನು ನಾವು ಕಾಣೆವು. ಆದುದರಿಂದ ಈ ರೋಗವನ್ನು ಮಣ್ಣುನಂಜು ಎಂದು ಕರೆಯುವುದು ಯುಕ್ತವೆಂದು ನಮಗೆ ತೋರುತ್ತದೆ.

ಮಣ್ಣಿನಿಂದಲೇ ಗಾಯಕ್ಕೆ ಸೇರುವ ಧನುರ್ವಾಯುವಿಗೂ ಈ ಹೆಸರು ಸಲ್ಲಲಾರದೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಶರೀರವು ಬಿಲ್ಲಿನಂತೆ ಬಾಗುವ ಲಕ್ಷಣದಿಂದ ಬಂದ ಹೆಸರು ಪ್ರಾಚೀನಕಾಲದಿಂದಲೇ ರೂಢವಾಗಿರುವುದರಿಂದ ಅತಿವ್ಯಾಪ್ತಿಯ ದೋಷವಿಲ್ಲ. ಮಣ್ಣಿನ ನಂಜು ಎಂದು ಷಷ್ಠಿಯನ್ನು ಬಿಡಿಸಿ ಹೇಳಬಾರದೇ ಎಂದರೆ, ಹಾಗೆ ಹೇಳಿದಾಗ ಹೊಲಕ್ಕೆ ಹಾಕಿದ ಗೊಬ್ಬರ ಔಷಧಿಗಳಿಂದ ಮಣ್ಣಿಗೇ ಆದ ವಿಷವೆಂಬ ಅರ್ಥವೂ ಬರುವುದು. ಸಮಾಸವಾಗಿ ಒಂದೇ ಪದವಾಗಿ ನಿಂತರೆ ಆ ಸಂದೇಹಕ್ಕೆ ಎಡೆ ಕಡಿಮೆ. ಬರೆಯುವಾಗಲೂ ಎರಡು ಪದಗಳ ನಡುವೆ ತೆರಪನ್ನು ಬಿಡದೆ ಬರೆಯುವುದೇ ಲೇಸು.